ಚೌರಿಗೆ ಕೊಟ್ಟ ಕೂದಲು

ತಿಪ್ಪೇಶ, ಓಬಮ್ಮ, ಇವತ್ತು ಬೆಳಿಗ್ಗೆ ನೀವಿಬ್ಬರೂ ನನ್ನನ್ನು ನೋಡಿ ನಕ್ಕಿರಿ. ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಗೂಡಿಗೆ ತುರುಕುತ್ತಿದ್ದೆ. “ಅಜ್ಜಿ, ಗುಬ್ಬಿಗೆ ಮನೆ ಕಟ್ಟಿಕೊಡ್ತೀಯಾ?” ಅಂದ ತಿಪ್ಪೇಶ. ನಾನೂ ನಕ್ಕೆ. ಅಷ್ಟರಲ್ಲಿ ಪಕ್ಕದ ಓಣಿಯಿಂದ ನಿಮ್ಮ ಅಜ್ಜನ ಅಕ್ಕ ಬೋರಕ್ಕ ಬಂದವಳು ಬಾಗಿಲಲ್ಲೇ ನಿಂತು, “ಮುದುಕಿ ಆದ್ರೂ ತಲೆ ಬಾಚೋ ಶೋಕಿ ಹೋಗಲಿಲ್ಲ ಇವಳಿಗೆ” ಅಂದಳು. ನನ್ನ ನಗು ಅಲ್ಲಿಗೇ ನಿಂತಿತು. ಸಂಜೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಎದುರು ನಿಂತು ಮಾತಾಡುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ನಾಲ್ಕು ಜನ ಕೂಡಿದರೆ ನನ್ನ ಮಾತು ಗಂಟಲಿನಿಂದ ಮೇಲೆ ಹತ್ತುವುದಿಲ್ಲ. ಆದರೆ ಬರೆಯುವುದು ಬರುತ್ತದೆ. ಪರಶುರಾಂಪುರದ ನನ್ನ ತವರಿನಲ್ಲಿ ಅಯ್ಯನವರು ಜಗಲಿಯ ಮೇಲೆ ಮರಳು ಹರಡಿ ಹುಡುಗರಿಗೆ ಅಕ್ಷರ ತಿದ್ದಿಸುವಾಗ ಮೂಲೆಯಲ್ಲಿ ನನ್ನನ್ನೂ ಕೂರಿಸಿಕೊಂಡಿದ್ದರು. ಆ ಅಕ್ಷರ ಇಂಥ ದಿನಕ್ಕಾದರೂ ಉಪಯೋಗಕ್ಕೆ ಬರಲಿ.

ನನ್ನ ಹತ್ತಿರ ಕನ್ನಡಿ ಇಲ್ಲ. ನಿಮ್ಮ ಅಜ್ಜ ತೀರಿಹೋದ ದಿನ ಅದನ್ನು ಯಾರೋ ಎತ್ತಿಟ್ಟರು. ಎಲ್ಲಿಟ್ಟರೋ, ಇಂದಿಗೂ ಸಿಕ್ಕಿಲ್ಲ. ಹಂಡೆಯ ನೀರಿನಲ್ಲಿ ಮುಖ ನೋಡಿಕೊಳ್ಳುತ್ತೇನೆ. ಕಾಣುವ ಸುಕ್ಕು ನೀರಿನದೋ ನನ್ನದೋ ಎಂದು ಮೊದಮೊದಲು ಅನುಮಾನವಿತ್ತು, ನೀರಿನದೇ ಎಂದು ನಂಬಿಕೊಂಡಿದ್ದೆ. ಈಗ ನೀರು ನಿಂತ ಮೇಲೂ ಸುಕ್ಕು ನಿಂತೇ ಇರುತ್ತದೆ. ಓಲೆ ಬಿಚ್ಚಿದ ಕಿವಿಗಳು ಜೋತುಬಿದ್ದಿವೆ. ಒಂದು ಕಾಲಕ್ಕೆ ತೆಂಗಿನಕಾಯಿಯಷ್ಟಿದ್ದ ತುರುಬು ಈರುಳ್ಳಿಯಷ್ಟಾಗಿದೆ, ಅದೂ ಮಳೆ ಕೈಕೊಟ್ಟ ವರ್ಷದ ಈರುಳ್ಳಿ.

ಇದಕ್ಕೆಲ್ಲ ನನಗೆ ಸಿಟ್ಟಿಲ್ಲ. ಮುಪ್ಪು ನಿಧಾನವಾಗಿ ಬರುತ್ತದೆ, ನಮಗೆ ಒಗ್ಗಿಕೊಳ್ಳಲು ಸಮಯ ಕೊಡುತ್ತದೆ. ನನಗೆ ಸಿಟ್ಟಿರುವುದು ಮುಪ್ಪಿಗಿಂತ ಮೊದಲೇ ಬಂದು ನನ್ನನ್ನು ಒಂದೇ ದಿನಕ್ಕೆ ಮುದುಕಿ ಮಾಡಿದವರ ಮೇಲೆ. ನಿಮ್ಮಪ್ಪ ಆಗ ಅಂಬೆಗಾಲಿಡುತ್ತಿದ್ದ. ನನ್ನ ತಲೆಯಲ್ಲಿ ಒಂದೂ ಬಿಳಿ ಎಳೆ ಇರಲಿಲ್ಲ. ಬಳೆ, ಹೂವು, ಕುಂಕುಮ ಎಲ್ಲ ಹೋದವು. ಕೂದಲು ಬೋಳಿಸುವುದು ನಮ್ಮವರಲ್ಲಿ ಇಲ್ಲ; ಉಳಿಯಿತು. ಆದರೆ ಸೆರಗಿನಡಿ ಇರಬೇಕು, ಯಾರೂ ಇಲ್ಲದಾಗ ಬಾಚಿಕೊಳ್ಳಬೇಕು, ಎಣ್ಣೆ ಹಚ್ಚಿದ್ದು ಗೊತ್ತಾಗಬಾರದು.

ನಿಮ್ಮ ಅಜ್ಜನಿಗೆ ಒಬ್ಬ ಅಣ್ಣ ಇದ್ದರು. ಹೆಂಡತಿ ತೀರಿಕೊಂಡ ವರ್ಷ ತುಂಬುವ ಮೊದಲೇ ಮತ್ತೆ ಹಸೆ ಏರಿದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚಿಕೊಂಡರು. ನಮ್ಮ ನನ್ನಿವಾಳದ ಬಿಸಿಲು ನಿಮಗೆ ಗೊತ್ತಲ್ಲ. ತಾಳಿ ಕಟ್ಟುವ ಹೊತ್ತಿಗೆ ಮೀಸೆ ಗಲ್ಲದವರೆಗೂ ಇಳಿದಿತ್ತು. ಎಲ್ಲರೂ ನಕ್ಕರು. ಆದರೆ “ನೀವು ಒಳಗೆ ಹೋಗಿ ಕೂತ್ಕಳ್ರಿ” ಎಂದು ಒಬ್ಬರೂ ಅವರಿಗೆ ಹೇಳಲಿಲ್ಲ.

ಉದುರಿದ ಕೂದಲನ್ನು ಅಂಗಳಕ್ಕೆ ಎಸೆಯಬಾರದು, ಯಾರಾದರೂ ತುಳಿಯುತ್ತಾರೆ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ಹೇಳಿದ್ದರು. ಅಂದಿನಿಂದ ಗೂಡಿನಲ್ಲಿ ಕೂಡಿಸಿ, ಗೂಡು ತುಂಬಿದಾಗ ಒಂದು ಬಟ್ಟೆಯ ಚೀಲಕ್ಕೆ ಹಾಕುತ್ತಾ ಬಂದೆ. ನಿಮ್ಮ ಅಜ್ಜ ತೀರಿಹೋದ ವರ್ಷ ನನ್ನ ತಲೆ ಹಿಡಿ ಹಿಡಿಯಾಗಿ ಉದುರಿತು. ಅಷ್ಟನ್ನೂ ಅದೇ ಚೀಲಕ್ಕೆ ಹಾಕಿದೆ.

ಈಗ ನಿಮ್ಮ ಅಕ್ಕ ಗಿರಿಯಮ್ಮನ ಮದುವೆಗೆ ಬರುತ್ತೇನೆ. ನೀವು ಆಗ ತೀರಾ ಚಿಕ್ಕವರು. ನಿಮ್ಮವ್ವ ಹೊಲಕ್ಕೆ ಹೋಗುತ್ತಿದ್ದಳು, ಹಾಗಾಗಿ ಗಿರಿಯಮ್ಮನ ತಲೆಗೆ ಬಾಚಣಿಗೆ ತಾಗಿದಂದಿನಿಂದ ಅವಳ ಜಡೆ ಹೆಣೆದವಳು ನಾನೇ. ಕೊಂಡ್ಲಹಳ್ಳಿಗೆ ಸಂಬಂಧ ಗೊತ್ತಾದಾಗ ಅವಳು ನನ್ನ ಮೊಣಕಾಲಿಗೆ ಒರಗಿ, “ಮದ್ವೆ ದಿನಾನೂ ನೀನೇ ಹೆಣೀಬೇಕು ಅಜ್ಜಿ” ಅಂದಿದ್ದಳು. ನಾನು ಹೂಂ ಅಂದುಬಿಟ್ಟೆ. ಆ ಮದುವೆಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಮದುವೆ ಹತ್ತಿರ ಬಂದಾಗ ಅವಳಿಗೆ ಜ್ವರ ಬಂದು ಕೂದಲು ತೆಳುವಾಯಿತು. ಗಂಡಿನವರು ಏನಂದಾರು ಎಂದು ಬೋರಕ್ಕನಿಗೆ ಚಿಂತೆ. ಜಡೆಗೆ ಸೇರಿಸಿ ಹೆಣೆಯಲು ಒಂದು ಚೌರಿ ಕಟ್ಟಿಸಬೇಕು, ಕೂದಲು ಎಲ್ಲಿಂದ ತರುವುದು? ಸೀದಾ ನನ್ನ ಹತ್ತಿರ ಬಂದಳು. “ನಿನ್ನ ಚೀಲದಾಗೆ ಐತಲ್ಲೇ, ತೆಗಿ. ಮನೇದು ಮನೆಗೇ ಆಗ್ಲಿ.”

ಕೊಟ್ಟೆ. ಸೂಜಿ, ಮಣಿಸರ ಮಾರುತ್ತಾ ರಾಯದುರ್ಗದ ಕಡೆಯಿಂದ ಬರುವ ತೆಲುಗಿನ ಹೆಂಗಸು ಪಡಸಾಲೆಯಲ್ಲಿ ಕೂತು ಚೀಲ ಬಿಚ್ಚಿದಳು. ಆಗ ಬೋರಕ್ಕನಿಗೆ ಹೊಸ ಭಯ ಹುಟ್ಟಿತು. ಇದರಲ್ಲಿ ಮುತ್ತೈದೆಯಾಗಿದ್ದಾಗಿನ ಕೂದಲು ಯಾವುದು, ಆಮೇಲಿನದು ಯಾವುದು? ಅವಳೇ ತೀರ್ಪು ಕೊಟ್ಟಳು. “ಕರೇದೆಲ್ಲ ಮುತ್ತೈದೆ ಕೂದ್ಲು, ಬಿಳೇದೆಲ್ಲ ಆಮೇಲಿಂದು. ಬಿಳೇದು ಒಂದೆಳೆನೂ ಸೇರಬಾರ್ದು ನೋಡಮ್ಮ.”

ತೆಲುಗಿನವಳು ಕೈಯಲ್ಲಿದ್ದ ಉಂಡೆಯನ್ನು ಒಮ್ಮೆ, ಬೋರಕ್ಕನನ್ನು ಒಮ್ಮೆ ನೋಡಿ, “ಜುಟ್ಟುಕೂ ಮೊಗುಡುಂಟಾಡಾ ಅಮ್ಮಾ?” ಅಂದಳು. ಕೂದಲಿಗೂ ಗಂಡ ಇರುತ್ತಾನೇನಮ್ಮಾ ಎಂದು. ನನಗೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು.

ಆ ಕರಿಯ ರಾಶಿಯಲ್ಲಿ ಮುಕ್ಕಾಲು ಪಾಲು ನಾನು ಗಂಡನನ್ನು ಕಳೆದುಕೊಂಡ ವರ್ಷದ್ದು. ಅದು ನನಗೆ ಗೊತ್ತಿತ್ತು. ಹೇಳಿದ್ದರೆ ಕೂದಲನ್ನೂ ಒಳಗೆ ಕೂರಿಸುತ್ತಿದ್ದರು, ಮಗುವಿನ ಜಡೆ ಬಡವಾಗುತ್ತಿತ್ತು. ಕೂದಲು ಹೊರಗೆ ಹೋದರೆ ಜಡೆ ಹೆಣೆಯಲು ನನ್ನ ಕೈಯೂ ಅದರ ಹಿಂದೆ ಹೋಗಬಹುದು ಎಂಬ ಆಸೆಯೂ ಇತ್ತು.

ಮದುವೆಯ ದಿನ ಬಾಚಣಿಗೆ ಹಿಡಿದು ಬಂದೆ. ಬೋರಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಐದು ಜನ ಮುತ್ತೈದೇರು ಹೆಣೀತಾರೆ. ನೀನು ಕಾಳಿನ ಕೋಣೆಯಾಗಿರು. ಹುಡುಗಿ ಚೆನ್ನಾಗಿರೋದು ಬ್ಯಾಡ್ವಾ ನಿಂಗೆ?”

ಆ ಕೊನೆಯ ಪ್ರಶ್ನೆ ಇದೆಯಲ್ಲ, ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕಾಳಿನ ಕೋಣೆಯ ಕಿಂಡಿಯಿಂದ ನೋಡುತ್ತಾ ಕೂತೆ. ಗಿರಿಯಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟು ಕಂಬಳಿಯ ಗದ್ದುಗೆಯ ಮೇಲೆ ಕೂತಿದ್ದಳು. ನನ್ನ ಕಣ್ಣು ಆ ಕಂಬಳಿಯ ಮೇಲೆ ನಿಂತಿತು. ಅದು ಯಾವ ಕುರಿಯ ಉಣ್ಣೆಯೋ. ಆ ಕುರಿಗೆ ಟಗರು ಇತ್ತೋ, ಹಬ್ಬಕ್ಕೆ ಕಡಿದಿದ್ದರೋ, ಯಾರೂ ಕೇಳುವುದಿಲ್ಲ. ಉಣ್ಣೆ ಕತ್ತರಿಸುತ್ತಾರೆ, ನೇಯುತ್ತಾರೆ, ಮದುಮಕ್ಕಳನ್ನು ಅದರ ಮೇಲೇ ಕೂರಿಸುತ್ತಾರೆ. ಆ ಹೊತ್ತಿನಲ್ಲಿ ನನಗೆ ಕುರಿಯ ಮೇಲೆ ಹೊಟ್ಟೆಕಿಚ್ಚು ಬಂದದ್ದು ನಿಜ. ನನ್ನ ಕೂದಲು ಎಲ್ಲರೆದುರು ಹೂ ಮುಡಿದು ಕೂತಿತ್ತು, ನಾನು ರಾಗಿ ಮೂಟೆಗಳ ನಡುವೆ ಕೂತಿದ್ದೆ. ಗಂಡಿನ ಕಡೆಯ ಹೆಂಗಸರು “ಎಂಥಾ ಜಡೆ ಐತೆ ನೋಡೇ!” ಅನ್ನುತ್ತಿದ್ದರು. “ನಮ್ಮ ಮನೆತನದ ಕೂದ್ಲೇ ಹಂಗೆ” ಅನ್ನುತ್ತಿದ್ದಳು ಬೋರಕ್ಕ.

ಐದು ಜನರ ಕೈ ಬಿಗಿ ಐದು ತರ. ಹೊರಡುವ ಹೊತ್ತಿಗೆ, ಗಾಡಿ ಹತ್ತಲು ಗಿರಿಯಮ್ಮ ತಲೆ ಬಗ್ಗಿಸಿದಾಗ, ಜಡೆಯ ಬುಡದಲ್ಲಿ ಚೌರಿ ಒಂದು ಬೆರಳಿನಷ್ಟು ಜಾರಿದ್ದು ಕಿಂಡಿಯಿಂದಲೇ ಕಂಡಿತು. ಬೋರಕ್ಕನಿಗೂ ಕಂಡಿತು. “ಹುಡುಗಿಗೆ ಬಾಯಾರಿಕೆ ಅಂತೆ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿ, ಅವಳನ್ನು ಎಳೆದುಕೊಂಡು ನನ್ನ ಕೋಣೆಗೇ ಬಂದು ಕದ ಹಾಕಿದಳು.

“ಚೌರಿ ಜಾರ್ತಾ ಐತೆ ಕಣೇ. ಬೇಗ ಕಟ್ಟು.”

“ನಾನು ಮುಟ್ಟಬಹುದಾ ಅಕ್ಕಾ?”

“ಅದೆಲ್ಲ ಈಗ್ಯಾಕೆ? ಬೇಗ!”

ನನಗೆ ಬೇಗ ಬರುವುದಿಲ್ಲ. ಹೂವು ತೆಗೆದೆ, ಜಡೆಯನ್ನು ಬುಡದಿಂದ ಬಿಚ್ಚಿದೆ, ಬೈತಲೆ ಸರಿ ಮಾಡಿದೆ, ಎಣ್ಣೆ ಮುಟ್ಟಿಸಿದೆ, ಮೊದಲಿನಿಂದ ಹೆಣೆಯಲು ಕೂತೆ. ಹೊರಗೆ ಗಂಡಸರು “ಏನ್ರೀ, ಕೊಂಡ್ಲಹಳ್ಳಿ ಇಲ್ಲೇ ಹಿತ್ತಲಾಗೆ ಐತೇನ್ರಿ?” ಎಂದು ಕೂಗುತ್ತಿದ್ದರು. ಕೂಗಲಿ ಎಂದುಕೊಂಡೆ. ನನ್ನ ಕೈ ಆ ತಲೆಯಲ್ಲಿ ಇನ್ನು ಯಾವಾಗ ಆಡೀತು?

“ಅಕ್ಕಾ, ದಾರದ ತುದಿ ಹಿಡ್ಕಳ್ರಿ” ಅಂದೆ. ಹಿಡಿದಳು. ಆಗ ನನ್ನ ಗಂಟಲಿಗೆ ಎಲ್ಲಿಂದ ಬಂತೋ ಧೈರ್ಯ. “ಈ ಕೂದ್ಲು ನಿಮ್ಮ ತಮ್ಮ ತೀರ್ಕೊಂಡ ವರ್ಷದ್ದು ಅಕ್ಕಾ. ಆವಾಗ ನಂದು ಎಲ್ಲಾ ಕರ್ರಗೇ ಇತ್ತು.”

ಬೋರಕ್ಕ ದಾರ ಬಿಟ್ಟು ಹಿಂದೆ ಸರಿದಳು. “ಅಯ್ಯೋ ನಿನ್ನ! ಕಿತ್ತು ಹಾಕೇ ಅದನ್ನ!”

“ಕಿತ್ತು ಹಾಕಲಾ? ಗಂಡಿನ ತಾಯಿ ಬಾಗ್ಲಾಗೇ ನಿಂತವ್ರೆ.”

ಅವಳು ಕದದ ಕಡೆ ನೋಡಿದಳು. ನನ್ನ ಕೈಯಲ್ಲಿದ್ದ ಗಿರಿಯಮ್ಮನ ಇಷ್ಟೇ ಇಷ್ಟು ಕೂದಲನ್ನು ನೋಡಿದಳು. ದಾರದ ತುದಿಯನ್ನು ಮತ್ತೆ ಹಿಡಿದಳು.

“ಕಟ್ಟು” ಅಂದಳು. “ಬಿಗಿಯಾಗಿ ಕಟ್ಟು.”

ಗಿರಿಯಮ್ಮನ ಭುಜ ಅಲುಗುತ್ತಿತ್ತು. ತವರು ಬಿಡುವ ಅಳು ಎಂದುಕೊಂಡು ಬಗ್ಗಿ ನೋಡಿದರೆ, ಕಳ್ಳಿ, ನಗುತ್ತಿದ್ದಳು.

ಅವಳಿಗೆ ಈಗ ಎರಡು ಮಕ್ಕಳು. ಗಂಡ ಎತ್ತಿನಂತೆ ಗಟ್ಟಿಯಾಗಿದ್ದಾನೆ. ನನ್ನ ಕೂದಲು ಅವನಿಗೆ ಏನೂ ಮಾಡಲಿಲ್ಲ, ನನ್ನ ಕೈಯೂ ಮಾಡಲಿಲ್ಲ. ಬೋರಕ್ಕ ಮಾತ್ರ ಇಂದಿಗೂ ಎಲ್ಲರಿಗೂ ಹೇಳುವುದು ಒಂದೇ: “ಐದು ಜನ ಮುತ್ತೈದೇರು ಹೆಣೆದ ಜಡೆ, ಅವರ ಕೈಗುಣ!” ಅವಳು ಹಾಗೆ ಹೇಳಿದಾಗಲೆಲ್ಲ ನಾನು ರಾಗಿ ಬೀಸಲು ಕೂರುತ್ತೇನೆ. ಈ ಮನೆಯ ಹಿಟ್ಟು ಅಷ್ಟು ನುಣ್ಣಗಿರುವುದು ಅದಕ್ಕೇ.

ಓಬಮ್ಮ, ನಿನ್ನ ಜಡೆ ದಪ್ಪಗಿದೆ, ನಿನಗೆ ಚೌರಿ ಬೇಕಾಗಲಿಕ್ಕಿಲ್ಲ. ಆದರೂ ಒಂದು ದಿನ ನಿನ್ನ ಮದುವೆ ಬರುತ್ತದೆ, ಬಾಚಣಿಗೆ ಹಿಡಿದು ನಾನು ಬರುತ್ತೇನೆ, ಯಾರೋ ಒಬ್ಬರು ಒಳಗಿರು ಅನ್ನುತ್ತಾರೆ. ಆಗ ನನ್ನ ಮಾತು ಮತ್ತೆ ಗಂಟಲಲ್ಲೇ ಉಳಿಯುತ್ತದೆ. ತಿಪ್ಪೇಶ, ನಿನ್ನ ಗಂಟಲು ದೊಡ್ಡದು. ಪಡಸಾಲೆಯಲ್ಲಿ ನಿಂತು ಇದನ್ನು ಓದು, ಕೂದಲು ಕೇಳಿದವರು ಕೈಯನ್ನೂ ಕೇಳಲಿ. ಅಲ್ಲಿಯವರೆಗೆ ಈ ಹಾಳೆಗಳಿಗೆ ಇಲಿ ಗೆದ್ದಲು ತಾಗದಂತೆ ನೋಡಿಕೊಳ್ಳಿ. ಬೇರೆ ಜಾಗ ಹುಡುಕಬೇಡಿ, ನನ್ನ ಗೋಡೆಗೂಡಿನಲ್ಲೇ ಕೂದಲಿನ ಕೆಳಗೆ ಇಡಿ. ಅದಕ್ಕಿಂತ ಭದ್ರವಾದ ಜಾಗ ಈ ಮನೆಯಲ್ಲಿ ಇಲ್ಲ. ಅಲ್ಲಿರುವುದೆಲ್ಲ ಈಗ ಬೆಳ್ಳಗಿದೆ, ಬೋರಕ್ಕ ಕೈ ಹಾಕುವುದಿಲ್ಲ.