ಕರಿಯ ಆರಿಸಿಕೊಂಡ ಹಾಸಿಗೆ

ಎಳ್ಳಮಾಸಿ ಹಬ್ಬದ ಮರುದಿನ ಶಾಲೆಯ ಚೀಲ ಗೂಟಕ್ಕೆ ತೂಗುಹಾಕಿ ಮೊದಲ ಸಲ ಮನೆ ಬಿಟ್ಟವನು ನಾನು. ಅಂದಿನಿಂದ ಕಾಲು ಒಂದು ಕಡೆ ನಿಂತಿಲ್ಲ. ಈ ಬೇಸಿಗೆಗೆ ಅತನೂರಲ್ಲಿ ಸಿದ್ದವ್ವನ ಕುರಿ ಕಾಯಲು ಸೇರಿದ್ದೆ.

ಅವಳ ಹಟ್ಟಿ ಕಾಯುವ ನಾಯಿ ಕರಿಯನ ಮೈತುಂಬ ಉಣ್ಣಿ. ಕಿತ್ತು ಕಿತ್ತು ಬೇಸತ್ತು, ಆಳಂದದಲ್ಲಿ ಕೊಂಡಿದ್ದ ನೀಲಗಿರಿ ಎಣ್ಣೆಯನ್ನು ಅವನ ಕೊರಳಿಗೆ ಸವರಿದೆ. ಆ ಘಾಟಿಗೆ ಕರಿಯ ಸೀನಿದ, ಮಣ್ಣಲ್ಲಿ ಮೂತಿ ಉಜ್ಜಿದ, ಕುರಿಗಳನ್ನು ಬಿಟ್ಟು ದೂರದ ಬದುವಿಗೆ ಹೋಗಿ ಕೂತ.

"ತ್ವಾಳ ಬಂದ್ರ ನೀ ಬೊಗಳ್ತೀಯೇನ್ ಲೇ?" ಅಂದಳು ಸಿದ್ದವ್ವ. "ನಾಳಿ ಜೇವರ್ಗಿ ಕಡಿ ಹೊಂಟೇವಿ. ಕೆಲಸಕ್ಕ ಬಾರದ ನಾಯಿ ಇಲ್ಲೇ ಬಿಡ್ತೇನಿ, ಅದರ ಜೋಡಿ ನಿನ್ನೂ."

ಕಡಲೆ ಹಿಟ್ಟು ಹಚ್ಚಿ ಕರಿಯನನ್ನು ತೊಳೆದೆ. ಆಮೇಲೆ ಉಣ್ಣಿ ಓಡಿಸುವ ಯಾವ ವಾಸನೆ ಅವನಿಗೆ ಒಗ್ಗುತ್ತದೋ ನೋಡಲು ಮೂರು ಗೋಣಿಚೀಲ ಹಾಸಿದೆ. ಒಂದಕ್ಕೆ ಬೇವಿನ ಎಣ್ಣೆ ಸವರಿದೆ, ಒಂದಕ್ಕೆ ನಿಂಬೆಸಿಪ್ಪೆ ಉಜ್ಜಿದೆ, ಇನ್ನೊಂದರ ಮೇಲೆ ಒಣಗಿದ ಬೇವಿನ ಎಲೆ ಹರವಿದೆ.

"ನಾಯಿಗಿ ಸೀರಿ ತೋರ್ಸಾಕತ್ತೀಯೇನ್ ಲೇ?" ಅಂದಳು ಸಿದ್ದವ್ವ.

"ಉಡೋದು ಅದು. ಆರ್ಸೋದೂ ಅದೇ ಅಲ್ಲೇನ್ರಿ ಯವ್ವಾ?"

ಕರಿಯ ಎಣ್ಣೆಗೆ ಸೀನಿದ, ನಿಂಬೆಯ ಚೀಲಕ್ಕೆ ಸುತ್ತುಹಾಕಿ ದಾಟಿದ, ಎಲೆಯ ಮೇಲೆ ಹೋಗಿ ಹಾಯಾಗಿ ಮಲಗಿದ. ಆ ಚೀಲವನ್ನೇ ಹಟ್ಟಿಯ ಬಾಗಿಲಿಗೆ ಹಾಸಿದೆ. ಹೊತ್ತು ಮುಳುಗುವಾಗ ಕರಿಯ ಅಲ್ಲಿಂದಲೇ ನರಿಯೊಂದರ ವಾಸನೆ ಹಿಡಿದು, ಹೊಲ ದಾಟುವ ತನಕ ಅದನ್ನು ಅಟ್ಟಿದ. ರಾತ್ರಿ ಉಣ್ಣುವಾಗ ಸಿದ್ದವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಶಾಲೆಯಲ್ಲಿ ನನಗೆ ಅಂಥ ಬಹುಮಾನ ಸಿಕ್ಕಿರಲಿಲ್ಲ.

ಈಗ ಜೇವರ್ಗಿಯಲ್ಲಿದ್ದೇವೆ. ಕರಿಯನ ಉಣ್ಣಿ ಕಡಿಮೆಯಾಗಿವೆ, ನನ್ನ ಕಾಲು ಮತ್ತೆ ತುರಿಸುತ್ತಿದೆ. ಗಂಟು ಕಟ್ಟುತ್ತಿದ್ದೇನೆ. ನೀಲಗಿರಿ ಎಣ್ಣೆ ಸೋರಿ ಅಂಗಿಗಳೆಲ್ಲ ಘಮ್ಮೆನ್ನುತ್ತಿವೆ. ಕಳಿಸಿಕೊಡಲು ಕರಿಯನೂ ಬಂದಿದ್ದಾನೆ, ಆದರೆ ಬಾಲ ಅಲ್ಲಾಡಿಸುವುದೆಲ್ಲ ದೂರದಿಂದಲೇ.