ಎಡಗೈಗೆ ಸಿಕ್ಕ ಪದವಿ

ಆಫೀಸಿನಲ್ಲಿ ಅವಳಿಗೆ ಬೆಕ್ಕು ಅಂತಲೇ ಹೆಸರು. ಕಾಲು ಸುಟ್ಟ ಬೆಕ್ಕು ಅನ್ನುವುದನ್ನು ಚಿಕ್ಕದು ಮಾಡಿ ಹಾಗೆ ಕರೆಯುತ್ತಿದ್ದರು. ಕೂತಳೆಂದರೆ ಎದ್ದಳು, ಎದ್ದಳೆಂದರೆ ಕಿಟಕಿಗೆ ಹೋಗಿ ಬಂದಳು. ವಿಶ್ವವಿದ್ಯಾಲಯದ ವಿಡಿಯೊ ವಿಭಾಗದ ಆ ಗೂಡಿನಂಥ ಕೋಣೆಯಲ್ಲಿ ಅವಳು ಓಡಾಡಿದ ಕಡೆಯೆಲ್ಲ ಕಾರ್ಪೆಟ್ಟು ಸವೆದಿತ್ತು. ಈ ಸಲವಂತೂ ಕೇಳಲೇ ಬೇಡಿ. ಘಟಿಕೋತ್ಸವ ಆನ್‌ಲೈನಿನಲ್ಲಿ, ಪದವಿ ತಗೊಳ್ಳುವವರಲ್ಲಿ ಅವಳ ಅಮ್ಮನೂ ಒಬ್ಬಳು!

ಅಮ್ಮ ಅಂಚೆ ತೆರಪಿನ ಶಿಕ್ಷಣದಲ್ಲಿ ಓದುತ್ತಿದ್ದಾಗ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. "ಇನ್ನು ಓದಿ ಕಡಿದು ಕಟ್ಟೆ ಹಾಕೋದೇನಿದೆ ಅತ್ತಿಗೆ?" ಅಂದಿದ್ದರು ಚಿಕ್ಕಪ್ಪ. ಅಮ್ಮ ಜಗ್ಗಲಿಲ್ಲ. ಎಡಗೈಯಲ್ಲಿ ಅ ಆ ಇ ಈಯಿಂದ ತಿದ್ದಿ, ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲೇ ಪರೀಕ್ಷೆ ಬರೆದಳು, ಪಾಸೂ ಆದಳು. ಘಟಿಕೋತ್ಸವಕ್ಕೆ ತನ್ನ ವಿಡಿಯೊ ಕಳಿಸುವಾಗ ಮಗಳಿಗೆ ಒಂದೇ ಮಾತು ಹೇಳಿದಳು: "ನನ್ನ ಎಡಗೈ ಕಾಣಬೇಕು ನೋಡು. ಬರೆದದ್ದು ಅದು."

ಕೆಲಸದ ಬಗೆ ಹೀಗಿತ್ತು. ಕುಲಪತಿಗಳು ಪರದೆಯ ಎಡಗಡೆ ನಿಂತು ಬಲಕ್ಕೆ ಪದವಿ ಪತ್ರ ಚಾಚುವುದನ್ನು ಒಮ್ಮೆ ಮಾತ್ರ ಚಿತ್ರೀಕರಿಸಿದ್ದರು. ವಿದ್ಯಾರ್ಥಿಗಳು ಮನೆಯಲ್ಲೇ ಕ್ಯಾಮೆರಾಗೆ ಮುಖ ಮಾಡಿ, ಬಲಗೈ ಪಕ್ಕಕ್ಕೆ ಚಾಚಿ, ಸುತ್ತಿದ ಕಾಗದವೊಂದನ್ನು ಒಳಗೆಳೆದುಕೊಂಡು ವಿಡಿಯೊ ಕಳಿಸಬೇಕು. ಎರಡನ್ನೂ ಅಕ್ಕಪಕ್ಕ ಕೂರಿಸಿದರೆ ಅವರು ಕೊಟ್ಟ ಹಾಗೆ, ಇವರು ಇಸಕೊಂಡ ಹಾಗೆ. ಆದರೆ ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ಎಡಬಲ ಮಾಡಿಬಿಡುತ್ತದೆ. ಅದಕ್ಕೇ ಅವಳು ಜೊತೆಗೆ ಕೆಲಸ ಮಾಡುವ ಕನ್ನಡಕದವನಿಗೆ ಹೇಳಿಬಿಟ್ಟಿದ್ದಳು: "ಎಡಗೈ ಕಂಡರೆ ತಿರುಗಿಸಿಬಿಡಪ್ಪಾ, ನನ್ನನ್ನು ಕೇಳ್ತಾ ಕೂರಬೇಡ."

ಸಮಾರಂಭ ನೇರಪ್ರಸಾರದಲ್ಲಿ ಶುರುವಾಯಿತು. ಮುಖ್ಯ ಅತಿಥಿಗಳು ಭಾಷಣ ಹಚ್ಚಿಕೊಂಡರು. ಮನಸ್ಸು ತಡೆಯದೆ ಬೆಕ್ಕು ಅಮ್ಮನ ತುಣುಕು ತೆರೆದು ನೋಡಿದಳು. ಅಮ್ಮನ ಬಿದ್ದುಹೋದ ಬಲಗೈ ಟಣ್ಣನೆ ಎದ್ದು ಪದವಿ ತಗೊಳ್ಳುತ್ತಿತ್ತು! ಎಡಗೈ ಸುಮ್ಮನೆ ಜೋತುಬಿದ್ದಿತ್ತು.

"ಅಯ್ಯೋ, ಇದನ್ನ ಯಾಕೋ ತಿರುಗಿಸಿದೆ? ನಮ್ಮಮ್ಮನಿಗೆ ಬಲಗೈ ಏಳಲ್ಲ ಕಣೋ!"

"ನೀವೇ ತಾನೇ ಅಕ್ಕಾ ಹೇಳಿದ್ದು?" ಕನ್ನಡಕದವನು ಕಕ್ಕಾಬಿಕ್ಕಿಯಾದ. "ಹಾಗಾದರೆ ಇದೇ ವಾಸಿ ಅಲ್ವಾ? ಕೈ ಸರಿಯಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗ್ಬೇಕು!"

ಮೊದಲಿದ್ದ ಹಾಗೆ ಮಾಡಿ ನೋಡಿದಳು. ಕುಲಪತಿಗಳು ಜೋತುಬಿದ್ದ ಕೈಗೆ ಕೊಡುತ್ತಿದ್ದಾರೆ, ಅಮ್ಮ ಗೋಡೆಯಿಂದ ಇಸಕೊಳ್ಳುತ್ತಿದ್ದಾಳೆ. ಅತ್ತ ದರಿ, ಇತ್ತ ಪುಲಿ! ಭಾಷಣ ಉದ್ದವಾಯಿತೆಂದು ಸದಾ ಹಲ್ಲು ಕಡಿಯುವವಳು ಪರದೆಗೆ ಕೈ ಮುಗಿದಳು. "ಇನ್ನೂ ಸ್ವಲ್ಪ ಕೊರೀರಿ ಸಾರ್, ನಿಮ್ಮ ಹೊಟ್ಟೆ ತಣ್ಣಗಿರಲಿ."

ಕಿಟಕಿಗೆ ಹೋದಳು, ಬಂದಳು. ಮತ್ತೆ ಹೋದಳು. ಅಲ್ಲಿಂದಲೇ ಕೂಗಿದಳು: "ಕುಲಪತಿಗಳನ್ನೇ ತಿರುಗಿಸೋಣ!"

"ಹಿಂದಿರೋ ಲಾಂಛನದ ಅಕ್ಷರ ಎಲ್ಲ ಉಲ್ಟಾ ಆಗುತ್ತೆ. ಕುಲಸಚಿವರು ನಮ್ಮ ತಿಥಿ ಮಾಡ್ತಾರೆ!"

"ಮಾಡ್ಲಿ."

ಭಾಷಣ ಮುಗಿಯಿತು. ಒಬ್ಬೊಬ್ಬರೇ ಬಂದು ಹೋದರು. ಅಮ್ಮನ ಸರದಿ ಬಂದಾಗ ಅಮ್ಮ ಎಡಗಡೆ, ಕುಲಪತಿಗಳು ಬಲಗಡೆ. ಅವರ ಬೈತಲೆ ಆ ಬದಿಯಿಂದ ಈ ಬದಿಗೆ ಹಾರಿತ್ತು, ಲಾಂಛನ ಹಿಮ್ಮುಖವಾಗಿತ್ತು. ಅಮ್ಮನ ಎಡಗೈ ಚಾಚಿಕೊಂಡು, ಗಟ್ಟಿಯಾಗಿ ಹಿಡಿದು, ಪದವಿಯನ್ನು ಎದೆಗವಚಿಕೊಂಡಿತು.

"ಏನ್ರೀ ಅದು?" ಹೆಡ್‌ಸೆಟ್ಟಿನಲ್ಲಿ ಕುಲಸಚಿವರು ಸಿಡಿದರು. "ಯಾರ್ರೀ ಮಾಡಿದ್ದು?"

"ನಾನೇ ಸಾರ್. ಬೇಕಂತಲೇ."

ಎಲ್ಲ ಮುಗಿಯುತ್ತಲೇ ಅಮ್ಮನ ಫೋನು ಬಂತು. ಅಳುತ್ತಿದ್ದಳೋ, ನಗುತ್ತಿದ್ದಳೋ.

"ನೋಡಿದೆಯೇನೇ? ಎಲ್ಲರಿಗೂ ಆ ಕಡೆ ನಿಂತು ಕೊಟ್ಟರು. ನನಗೆ ಮಾತ್ರ ಈ ಕಡೆ ಬಂದು ಕೊಟ್ಟರು. ಎಂಥಾ ದೊಡ್ಡ ಮನುಷ್ಯರೇ ಅವರು! ನನ್ನ ಕೈ ಯಾವುದು ಅಂತ ಗೊತ್ತಿತ್ತು ಅವರಿಗೆ."

"ಹೂಂ ಅಮ್ಮಾ," ಅಂದಳು ಮಗಳು. "ದೊಡ್ಡ ಮನುಷ್ಯರು."

ಕುಲಸಚಿವರ ಕೋಣೆಯಿಂದ ಕರೆಯ ಮೇಲೆ ಕರೆ ಬಂತು. ಬೆಕ್ಕು ಕುರ್ಚಿ ಬಿಟ್ಟು ಏಳಲಿಲ್ಲ.