ಎರಡನೇ ಮುಳುಗು

ಆಸ್ಪತ್ರೆಯ ಮೂರನೇ ಮಹಡಿಯ ಲ್ಯಾಬಿನಲ್ಲಿ ಕಿಟಕಿಗೆ ಅಂಟಿದಂತೆ ಒಂದು ಮೇಜಿದೆ. ಇಪ್ಪತ್ತಾರು ವರ್ಷದಿಂದ ಆ ಮೇಜಿನ ಸ್ಟೂಲಿನ ಮೇಲೆ ಒಬ್ಬಳೇ ಹೆಂಗಸು ಕೂರುತ್ತಾ ಬಂದಿದ್ದಾಳೆ. ಹೋದ ವರ್ಷದವರೆಗೆ ಸ್ಟೂಲಿನ ರೆಕ್ಸಿನ್ನು ಮೂರು ಸಲ ಹರಿದಿತ್ತು, ಮೂರು ಸಲವೂ ಅವಳ ಗಂಡನೇ ಹೊಲಿದುಕೊಟ್ಟಿದ್ದ. ಅವನು ದರ್ಜಿ. ಗಾಜಿನ ಪಟ್ಟಿ ತೊಳೆದು ಒರೆಸಿ, ಅದರ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಎಳೆದು, ಬಣ್ಣದ ಬಟ್ಟಲಲ್ಲಿ ಅದ್ದಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವುದು ಇವಳ ಕೆಲಸ. ಹಾಗಾಗಿ ಎಲ್ಲರಿಗೂ ಗಾಜಕ್ಕ. ಹಾಜರಿ ಪುಸ್ತಕದ ಹೆಸರು ಹಿಡಿದು ಕರೆದರೆ, ತನ್ನನ್ನೇ ಕರೆದದ್ದು ಅಂತ ಹೊಳೆಯುವುದಕ್ಕೆ ಅವಳಿಗೇ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಅವಳು ಹುಡುಕುವುದು ಒಂದು ಉಂಗುರವನ್ನು. ಮಲೇರಿಯಾ ಇದ್ದವರ ರಕ್ತದಲ್ಲಿ, ಕೆಂಪು ಕಣದ ಹೊಟ್ಟೆಯೊಳಗೆ, ನೀಲಿ ದಾರ ಸುತ್ತಿ ಮಾಡಿದಂಥ ಸಣ್ಣ ಉಂಗುರ, ಅದರ ಅಂಚಿಗೊಂದು ಚುಕ್ಕಿ. ಒಂದು ಸ್ಲೈಡಿನಲ್ಲಿ ಸಾವಿರಾರು ಕಣ. ಉಂಗುರ ನಾಲ್ಕೋ ಐದೋ. ಕೆಲವು ಸಲ ಒಂದೇ. ಆ ಒಂದು ಕಣ್ತಪ್ಪಿದರೆ ಯಾರೋ ಒಬ್ಬರು ರೋಗವನ್ನು ಜೊತೆಗೇ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ.

ಇಷ್ಟು ವರ್ಷ ಬಗ್ಗಿ ನೋಡಿದ್ದರಿಂದ ಕಣ್ಣೆತ್ತಿದರೂ ಅವಳಿಗೆ ಅದೇ ಕಾಣುತ್ತದೆ. ಮೆಟ್ಟಿಲ ಮೇಲೆ ಒಣಗುತ್ತಿರುವ ನೀರಿನ ಅಂಚು, ಗಂಡನ ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದ ಗುಂಡಿಗಳು, ಬಸ್ಸಿನ ಗಾಜಿಗೆ ತಾಗಿ ಕರಗುವ ಉಸಿರು. ಮಧ್ಯಾಹ್ನ ಮೂರಕ್ಕೆ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದಾಗ ಅವಳು ಲೆನ್ಸಿನೊಳಕ್ಕೆ ಇಳಿದುಹೋಗುತ್ತಾಳೆ. ಕಣಗಳೆಲ್ಲ ಗುಲಾಬಿ ಡೇರೆಗಳಾಗುತ್ತವೆ. ನಡುವೆ ತಿಳಿನೀಲಿ ಓಣಿಗಳು. ಆ ಓಣಿಗಳಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಾಳೆ. ಸದ್ದಿಲ್ಲ, ನೆರಳಿಲ್ಲ, ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ನಿದ್ದೆಯಲ್ಲ ಅದು. ಬಲಗೈ ಸ್ಲೈಡನ್ನು ಸರಿಸುತ್ತಲೇ ಇರುತ್ತದೆ, ಎಣಿಕೆ ಒಂದೂ ತಪ್ಪುವುದಿಲ್ಲ.

ಹದಿನೈದು ವರ್ಷದ ಹಿಂದೆ ರಕ್ತ ಎಣಿಸುವ ಮೊದಲ ಯಂತ್ರ ಬಂದಾಗ ನಾವು ನೌಕರರೆಲ್ಲ ಗೇಟಿನ ಮುಂದೆ ಧರಣಿ ಕೂತಿದ್ದೆವು. ಗಾಜಕ್ಕನೂ ಬಂದು ಕೂತಳು, ಗಂಟಲು ಹರಿಯುವಂತೆ ಘೋಷಣೆ ಕೂಗಿದಳು, ಗಂಟೆಗೊಮ್ಮೆ ಎದ್ದು ಒಳಗೆ ಹೋದಳು. ಎಲ್ಲಿಗೆ ಅಂದರೆ, ‘ಬಣ್ಣದಲ್ಲಿ ಸ್ಲೈಡ್ ಬಿಟ್ಟು ಬಂದಿದ್ದೀನಿ, ತೊಳೀಬೇಕು’ ಅಂದಳು. ಮುಷ್ಕರದ ಮಧ್ಯೆ ಕೆಲಸ ಮಾಡುವವಳು ಅಂತ ಎಲ್ಲರ ಕೈಲೂ ಉಗಿಸಿಕೊಂಡಳು. ಉಗಿಸಿಕೊಂಡು, ಕೈ ಒರೆಸಿಕೊಂಡು, ಮತ್ತೆ ಬಂದು ಮುಂದಿನ ಸಾಲಲ್ಲೇ ಕೂತಳು.

ಹೋದ ವರ್ಷ ಇನ್ನೊಂದು ಆದೇಶ ಬಂತು. ಇನ್ನು ಮುಂದೆ ಸ್ಲೈಡು ನೋಡುವುದು ಕಂಪ್ಯೂಟರು. ಅದಕ್ಕೆ ನೋಡುವುದನ್ನು ಕಲಿಸಲು ಲ್ಯಾಬಿನವರೇ ಕಲಿಯಬೇಕು. ಮೂರು ತಿಂಗಳ ತರಬೇತಿ. ಕೊನೆಗೆ, ತಾನು ಕಲಿಸಿದ ಯಂತ್ರವನ್ನು ಸಮಿತಿಯ ಮುಂದೆ ನಡೆಸಿ ತೋರಿಸಬೇಕು. ನೂರಕ್ಕೆ ತೊಂಬತ್ತು ಸರಿ ಬಂದರೆ ಲ್ಯಾಬಿನಲ್ಲೇ ಜಾಗ. ಬರದಿದ್ದರೆ ಕೆಳಗಿನ ಚೀಟಿ ಕೌಂಟರು. ಗಾಜಕ್ಕನ ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು. ಚೀಟಿ ಕೌಂಟರಿಗೆ ಕಿಟಕಿ ಇಲ್ಲ, ಲೆನ್ಸಂತೂ ಇಲ್ಲವೇ ಇಲ್ಲ.

‘ಈ ವಯಸ್ಸಲ್ಲಿ ಕಂಪ್ಯೂಟರಿಗೆ ಟ್ಯೂಷನ್ನಾ?’ ಅಂದ ದರ್ಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

‘ಒದ್ದೆ ಟವಲ್ಲು ಹಾಸಿಗೆ ಮೇಲೆ ಹಾಕ್ಬೇಡಿ ಅಂತ ನಿಮಗೆ ಮೂವತ್ತು ವರ್ಷದಿಂದ ಹೇಳಿಕೊಡ್ತಿದ್ದೀನಿ. ನಿಮಗಿಂತ ದಡ್ಡ ಇರುತ್ತಾ ಅದು?’

‘ನಾನು ಕಲಿತಿಲ್ಲ ಅಂತ ಯಾರು ಹೇಳಿದ್ದು? ಮಾಡಲ್ಲ, ಅಷ್ಟೆ.’

ತರಬೇತಿ ಕೊಡಲು ಬಂದವಳು ಮಗಳ ವಯಸ್ಸಿನ ಹೆಣ್ಣು. ಎಲ್ಲರೂ ಅವಳನ್ನು ಟೀಚರ್ ಅಂದರು. ಮೊದಲ ದಿನ ಗಾಜಕ್ಕ ಒಂದು ನೋಟ್‌ಬುಕ್ ತಂದಿದ್ದಳು. ಅದರಲ್ಲಿ ಉಂಗುರವನ್ನು ಗುರುತಿಸುವ ಹನ್ನೊಂದು ನಿಯಮ ಬರೆದಿದ್ದಳು, ದುಂಡಗಿನ ಅಕ್ಷರದಲ್ಲಿ.

ಟೀಚರ್ ಓದಿ ವಾಪಸ್ ಕೊಟ್ಟಳು. ‘ನಿಯಮ ಬೇಡ ಅಕ್ಕ. ನೀವು ಫೋಟೋ ತೋರಿಸಿ, ಇದು ಹೌದು, ಇದು ಅಲ್ಲ ಅನ್ನಿ ಸಾಕು. ಅದು ಊಹೆ ಮಾಡುತ್ತೆ. ತಪ್ಪಾದ್ರೆ, ಎಷ್ಟು ತಪ್ಪಾಯ್ತು ಅಂತ ನೋಡ್ಕೊಂಡು ತನ್ನೊಳಗಿನ ತಿರುಪುಗಳನ್ನ ಒಂಚೂರು ತಿರುಗಿಸಿಕೊಳ್ಳುತ್ತೆ. ಆಮೇಲೆ ಮತ್ತೆ ಊಹೆ. ಹೀಗೇ ಸಾವಿರಾರು ಸಲ.’

‘ಎಷ್ಟು ತಿರುಪು ಇದೆ?’

‘ಲಕ್ಷಗಟ್ಟಲೆ.’

‘ಯಾವ ತಿರುಪು ಯಾತಕ್ಕೆ ಅಂತ ನಿನಗೆ ಗೊತ್ತಾ?’

‘ಇಲ್ಲ.’

‘ಅದಕ್ಕೆ?’

‘ಅದಕ್ಕೂ ಗೊತ್ತಿಲ್ಲ.’

‘ಹಾಗಾದ್ರೆ ನನ್ನ ಥರಾನೇ ಬಿಡು’ ಅಂತ ಗಾಜಕ್ಕ ನೋಟ್‌ಬುಕ್ ಮಡಚಿ ಬ್ಯಾಗಿಗೆ ಹಾಕಿದಳು.

ಅವಳು ಕಲಿತದ್ದೂ ಹಾಗೆಯೇ. ಆ ಕಾಲಕ್ಕೆ ಲ್ಯಾಬಿಗೆ ಒಬ್ಬ ಹಿರಿಯನಿದ್ದ, ಮಾತಿನಲ್ಲಿ ಜಿಪುಣ. ಇವಳು ನೋಡಿದ ಸ್ಲೈಡನ್ನು ತಾನು ಬಗ್ಗಿ ನೋಡಿ, ‘ಅಲ್ಲ’ ಅಂದು ಹೋಗಿಬಿಡುತ್ತಿದ್ದ. ಯಾಕೆ ಅಲ್ಲ ಅಂತ ಹೇಳಿದವನಲ್ಲ. ವರ್ಷವಿಡೀ ‘ಅಲ್ಲ’. ಒಂದು ದಿನ ಬಗ್ಗಿ ನೋಡಿ ಏನೂ ಅನ್ನದೆ ಹೋದ. ಅವತ್ತಿಗೆ ಅವಳು ಪಾಸು. ಅವನು ಬಾಯಿಬಿಟ್ಟು ಹೇಳಿಕೊಟ್ಟದ್ದು ಒಂದೇ ಪಾಠ: ಮೊದಲ ನೋಟಕ್ಕೆ ಅನುಮಾನ ಬಂದ ಸ್ಲೈಡನ್ನು ಬಣ್ಣದ ಬಟ್ಟಲಲ್ಲಿ ಇನ್ನೊಂದು ಸಲ ಮುಳುಗಿಸು, ಎರಡು ನಿಮಿಷ. ಉಂಗುರ ಇದ್ದರೆ ಎದ್ದು ಕಾಣುತ್ತದೆ. ಆ ಎರಡನೇ ಮುಳುಗು ಅವಳ ಕೈಗೆ ಎಷ್ಟು ಹೊಕ್ಕಿತ್ತೆಂದರೆ, ಹಾಗೆ ಮಾಡುತ್ತೀಯಾ ಅಂತ ಯಾರಾದರೂ ಕೇಳಿದ್ದರೆ ಇಲ್ಲ ಅನ್ನುತ್ತಿದ್ದಳೇನೋ.

ಎಂಟುನೂರು ಫೋಟೋ ಕೂಡಿಸಿದರು. ಎಲ್ಲ ಅವಳೇ ಬಣ್ಣ ಹಾಕಿದ ಸ್ಲೈಡುಗಳವು. ಆರುನೂರನ್ನು ಯಂತ್ರಕ್ಕೆ ಕಲಿಯಲು ಕೊಟ್ಟರು, ಇನ್ನೂರನ್ನು ಪರೀಕ್ಷೆಗೆಂದು ಬಚ್ಚಿಟ್ಟರು. ಗಾಜಕ್ಕ ಮೌಸು ಹಿಡಿದು ಒಂದೊಂದು ಫೋಟೋದ ಮೇಲೂ ‘ಇದೆ’, ‘ಇಲ್ಲ’ ಅಂತ ಗುರುತು ಹಾಕಿದಳು. ವಾರಗಟ್ಟಲೆ. ಮನೆಗೆ ಹೋಗಿ ಮಲಗಿದರೆ ಕನಸಿನಲ್ಲೂ ಅದೇ ಗುಲಾಬಿ ಊರು. ಆದರೆ ಈಗ ಜೊತೆಗೆ ಇನ್ನೊಂದು ನಡೆಯುತ್ತಿತ್ತು. ಮುಖವಿಲ್ಲದ್ದು, ಮಗುವಿನಷ್ಟು ಎತ್ತರದ್ದು. ಪ್ರತಿ ಡೇರೆಯ ಮುಂದೆ ನಿಂತು ಇವಳ ಕೈಯನ್ನು ನೋಡುತ್ತಿತ್ತು. ಉಂಗುರವನ್ನಲ್ಲ, ಕೈಯನ್ನು. ಎಚ್ಚರಾದ ಮೇಲೆ ಅದು ನೆನಪಿರುತ್ತಿತ್ತು, ಅರ್ಥವಾಗುತ್ತಿರಲಿಲ್ಲ.

ಬಚ್ಚಿಟ್ಟ ಇನ್ನೂರನ್ನು ಯಂತ್ರದ ಮುಂದಿಟ್ಟಾಗ ನೂರಕ್ಕೆ ತೊಂಬತ್ತೇಳು ಸರಿ ಬಂತು. ತಪ್ಪಿದ್ದೆಲ್ಲ ಒಂದೇ ಥರದವು, ರೋಗ ಇಲ್ಲದ ರಕ್ತಕ್ಕೆ ‘ಇದೆ’ ಅಂದಂಥವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದೊಡ್ಡ ಡಾಕ್ಟ್ರು, ಅಂದರೆ ವಿಭಾಗದ ಮುಖ್ಯಸ್ಥರು, ಮೆಟ್ಟಿಲು ಹತ್ತಿ ಬಂದು, ‘ಗಾಜಕ್ಕ, ಸೋಮವಾರ ಸಮಿತಿ. ಇದನ್ನೇ ತೋರಿಸಿ. ನಿಮ್ಮ ಸ್ಟೂಲು ನಿಮಗೇ’ ಅಂದು ಹೋದರು.

ಶನಿವಾರ ಮಧ್ಯಾಹ್ನ ಅವಳು ಇಪ್ಪತ್ತು ಫೋಟೋ ಪ್ರಿಂಟು ಹಾಕಿಸಿ ಮನೆಗೆ ತಂದಳು, ಸಮಿತಿಗೆ ತೋರಿಸಲು ಚೆನ್ನಾಗಿರುವುದನ್ನು ಆರಿಸೋಣ ಅಂತ. ಗಂಡನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರವಿದಳು. ದರ್ಜಿ ಕನ್ನಡಕ ಮೂಗಿನ ತುದಿಗೆ ಜಾರಿಸಿ ಬಗ್ಗಿದ.

‘ಇವೆಲ್ಲ ಒಂದೇ ಥಾನಿನವಲ್ಲ’ ಅಂದ.

‘ಏನು ಥಾನು?’

‘ಬಟ್ಟೆ ಸುರುಳಿ ಕಣೇ. ಒಂದೇ ಬಣ್ಣ ಅಂತ ಕಟ್ಟಿ ಕೊಡ್ತಾರೆ, ಅಂಗಿಗೂ ತೋಳಿಗೂ ಕೂಡಲ್ಲ. ಇವು ಒಂದು ಸಲ ಬಣ್ಣ ಕುಡಿದಿವೆ. ಇವು ಎರಡು ಸಲ.’ ದಾರದ ಉಂಡೆ ಬೇರೆ ಮಾಡುವಂತೆ ಫೋಟೋಗಳನ್ನು ಎರಡು ಗುಡ್ಡೆ ಹಾಕಿದ. ಅಲ್ಲಿ ಕಣ ಯಾವುದು, ಉಂಗುರ ಯಾವುದು ಅಂತ ಅವನಿಗೆ ಗಂಧಗಾಳಿ ಗೊತ್ತಿಲ್ಲ.

ಗಾಜಕ್ಕ ಒಂದೊಂದಾಗಿ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವಳೇ ಬರೆದಿದ್ದಳು. ಈ ಗುಡ್ಡೆಯೆಲ್ಲ ‘ಇಲ್ಲ’. ಆ ಗುಡ್ಡೆಯೆಲ್ಲ ‘ಇದೆ’.

‘ಎಷ್ಟು ಬಂತು ನನ್ನ ಮಾರ್ಕು?’

‘ನೂರಕ್ಕೆ ನೂರು.’

‘ಮತ್ತೆ ಆ ಯಂತ್ರ ಯಾಕೆ? ನನ್ನನ್ನೇ ಇಟ್ಕೊಳ್ಳಿ ಅನ್ನು.’

ಅವಳು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲೇ ಲ್ಯಾಬಿಗೆ ಹೋದಳು. ಟೀಚರ್ ಇನ್ನೂ ಅಲ್ಲೇ ಇದ್ದಳು, ಸೋಮವಾರದ ತಯಾರಿಯಲ್ಲಿ. ಗಾಜಕ್ಕ ತನ್ನ ಬೆರಳಿಗೆ ಸೂಜಿ ಚುಚ್ಚಿಕೊಂಡು ಎರಡು ಸ್ಲೈಡು ಎಳೆದಳು. ಒಂದನ್ನು ಒಂದೇ ಸಲ ಅದ್ದಿದಳು, ಇನ್ನೊಂದಕ್ಕೆ ಎರಡನೇ ಮುಳುಗು. ಒಂದೇ ಬೆರಳು, ಒಂದೇ ರಕ್ತ. ಯಂತ್ರ ಮೊದಲನೆಯದಕ್ಕೆ ‘ಇಲ್ಲ’ ಅಂತು. ಎರಡನೆಯದಕ್ಕೆ ‘ಇದೆ’ ಅಂತು, ಎಳ್ಳಷ್ಟೂ ಅನುಮಾನವಿಲ್ಲದೆ.

‘ಅದು ಎಲ್ಲಿ ನೋಡ್ತಿದೆ ಅಂತ ತೋರಿಸೋಕಾಗುತ್ತಾ?’

ಆಗುತ್ತಿತ್ತು. ಯಂತ್ರದ ಗಮನ ಬಿದ್ದ ಕಡೆ ಕೆಂಪಾಗುವಂತೆ ಟೀಚರ್ ಚಿತ್ರವನ್ನು ಬದಲಿಸಿದಳು. ಇಬ್ಬರೂ ಬಗ್ಗಿ ನೋಡಿದರು. ಕಣಗಳ ಮೇಲೆ ಒಂದು ಚೂರೂ ಕೆಂಪಿರಲಿಲ್ಲ. ಕಣಗಳ ನಡುವಿನ ಖಾಲಿ ಓಣಿಗಳು, ಬಣ್ಣ ಹೆಚ್ಚಾಗಿ ನೀಲಿ ನಿಂತ ಆ ಓಣಿಗಳು, ಸಂಜೆ ಹೊತ್ತಿನ ಕೆರೆಯಂತೆ ಕೆಂಪಗೆ ಹೊಳೆಯುತ್ತಿದ್ದವು. ಯಾರೂ ಇಲ್ಲದ ಜಾಗವನ್ನು ಯಂತ್ರ ಎರಡು ತಿಂಗಳು ಎವೆಯಿಕ್ಕದೆ ನೋಡಿತ್ತು.

‘ಇದು ರೋಗ ಕಲಿತಿಲ್ಲ. ನನ್ನ ಕೈ ಕಲಿತಿದೆ’ ಅಂದಳು ಗಾಜಕ್ಕ. ‘ತಪ್ಪಿದವೂ ಅವೇ. ನಾನು ಸುಮ್ಮನೆ ಅನುಮಾನ ಪಟ್ಟು ಅದ್ದಿದವು.’

ಟೀಚರ್ ಕೇಳಿದಳು. ‘ಅಕ್ಕ, ಸೋಮವಾರದ ಸ್ಲೈಡಿಗೆ ಬಣ್ಣ ಹಾಕೋರು ಯಾರು?’

‘ನಾನೇ.’

‘ಹಾಗಾದ್ರೆ ಅದು ಪಾಸಾಗುತ್ತೆ.’

‘ಆಗುತ್ತೆ. ಆಮೇಲೆ ಇದನ್ನ ಬೇರೆ ಆಸ್ಪತ್ರೆಗೂ ಕಳಿಸ್ತಾರೆ. ಅಲ್ಲಿ ಎರಡನೇ ಮುಳುಗು ಹಾಕೋರು ಯಾರೂ ಇಲ್ಲ. ಬಂದವರಿಗೆಲ್ಲ ಏನೂ ಇಲ್ಲ, ಮನೆಗೆ ಹೋಗಿ ಅನ್ನುತ್ತೆ.’

‘ನನಗೆ ಮೊದಲೇ ಹೊಳೀಬೇಕಿತ್ತು.’

‘ನಿನಗೆ ಹೇಗೆ ಹೊಳೀಬೇಕಮ್ಮ? ಬಟ್ಟಲ ಹತ್ತಿರ ನಿಂತವಳು ನಾನು.’

ಭಾನುವಾರ ಮನೆಯಲ್ಲಿ ಅವಳು ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು. ದರ್ಜಿ ಅವತ್ತು ಟವಲ್ಲನ್ನು ಹಗ್ಗದ ಮೇಲೆ ಹಾಕಿದ.

ಸೋಮವಾರ ಸಮಿತಿಯ ಐದು ಜನ ಕುರ್ಚಿ ಎಳೆದುಕೊಂಡು ಕೂತರು. ಗಾಜಕ್ಕ ತನ್ನವೇ ಎರಡು ಸ್ಲೈಡು ಇಟ್ಟಳು. ಪರದೆಯ ಮೇಲೆ ‘ಇಲ್ಲ’ ಬಂತು, ಆಮೇಲೆ ‘ಇದೆ’ ಬಂತು.

‘ಎರಡನೆಯದು ಯಾವ ರೋಗಿದು?’ ಅಂತ ಒಬ್ಬರು ಕೇಳಿದರು.

‘ರೋಗಿದಲ್ಲ. ಎರಡೂ ನನ್ನದೇ ರಕ್ತ.’

‘ನಿಮಗೆ ಮಲೇರಿಯಾ ಇದೆಯಾ?’

‘ಇಲ್ಲ. ಇದೆ ಅಂತ ಯಂತ್ರಕ್ಕೆ ಅನಿಸಿದೆ. ಯಾಕೆ ಅಂದ್ರೆ ನಾನು ಬಟ್ಟಲಲ್ಲಿ ಎರಡು ನಿಮಿಷ ಜಾಸ್ತಿ ಬಿಟ್ಟೆ.’ ನಡೆದದ್ದನ್ನೆಲ್ಲ ಇದ್ದದ್ದು ಇದ್ದಹಾಗೆ ಹೇಳಿದಳು. ಕೆಂಪು ಓಣಿಗಳನ್ನೂ ತೋರಿಸಿದಳು. ಗಂಡನ ಥಾನಿನ ಮಾತು ಮಾತ್ರ ಬಿಟ್ಟಳು, ಹೇಳಿದರೆ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ ಅಂತ.

ವರಾಂಡದಲ್ಲಿ ದೊಡ್ಡ ಡಾಕ್ಟ್ರು ತಡೆದರು. ‘ನನಗೊಂದು ಮಾತು ಮೊದಲೇ ಹೇಳಬಾರದಿತ್ತಾ?’

‘ಹೇಳಿದ್ರೆ ಸುಮ್ಮನಿರಿ ಅಂತಿದ್ರಿ ಸರ್. ನಾನೂ ಸುಮ್ಮನಾಗಿಬಿಡ್ತಿದ್ದೆ.’

ಬುಧವಾರ ಅವಳನ್ನು ಚೀಟಿ ಕೌಂಟರಿಗೆ ಹಾಕಿದರು. ನಿಜ ಹೇಳಿದ್ದಕ್ಕೆ ಯಾರೂ ಹಾರ ಹಾಕಲಿಲ್ಲ. ಹಾಕುವುದೂ ಇಲ್ಲ, ಅದನ್ನು ಕಾದು ಕೂರುವವರು ಈ ದಾರಿಗೆ ಬರಬಾರದು. ಮೂರನೇ ಮಹಡಿಯ ಕಿಟಕಿಯ ಹತ್ತಿರ ಖಾಲಿ ಸ್ಟೂಲಿನ ಮೇಲೆ ಬಿಸಿಲು ಒಂಟಿಯಾಗಿ ಬಂದು ಹೋಗುತ್ತಿತ್ತು.

ಕೌಂಟರಿನ ಗಾಜಿನಾಚೆ ಜನ. ಹಣೆ ಗಾಜಿಗೆ ತಾಗಿಸಿ ಕೇಳುವವರು, ಉಸಿರಿನ ಮಂಜು ಬಿಟ್ಟು ಹೋಗುವವರು. ಅವಳಿಗೆ ಅವರೆಲ್ಲ ನೆಟ್ಟಗೆ ನಿಂತ ಕಣಗಳಂತೆ ಕಂಡರು. ಯಾರ ಹೊಟ್ಟೆಯಲ್ಲಿ ಯಾವ ಉಂಗುರವೋ ಅಂತ ನೋಡುತ್ತಾ ಚೀಟಿ ಹರಿದು ಕೊಟ್ಟಳು. ‘ಅಮ್ಮಾ, ಎಲ್ಲಿದ್ದೀರಿ, ನನ್ನ ಚೀಟಿ’ ಅಂತ ಗಾಜು ತಟ್ಟಿ ಎಬ್ಬಿಸಬೇಕಾಗುತ್ತಿತ್ತು.

ನಾಲ್ಕಕ್ಕೆ ಕೌಂಟರು ಮುಚ್ಚುತ್ತಿತ್ತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಅವಳು ಮೂರನೇ ಮಹಡಿಯಲ್ಲಿರುತ್ತಿದ್ದಳು. ಟೀಚರ್ ಬೇರೆ ನಾಲ್ಕು ಕಡೆಯಿಂದ ಸ್ಲೈಡು ತರಿಸಿದ್ದಳು, ಬೇರೆ ಬೇರೆ ಕೈ ಬಣ್ಣ ಹಾಕಿದವು. ಇಲ್ಲಿನ ಸ್ಲೈಡುಗಳನ್ನು ಗಾಜಕ್ಕ ಗಡಿಯಾರ ನೋಡಿಕೊಂಡು ಹೊಸದಾಗಿ ಮಾಡಿದಳು, ರೋಗ ಇರಲಿ ಇಲ್ಲದಿರಲಿ ಎಲ್ಲಕ್ಕೂ ಒಂದೇ ಸಮಯ. ಕೈ ಸುಮ್ಮನಿರಲಿಲ್ಲ. ಅನುಮಾನದ ಸ್ಲೈಡು ಕಂಡ ಕೂಡಲೇ ಬಟ್ಟಲ ಕಡೆ ತಾನಾಗಿ ಹೋಗುತ್ತಿತ್ತು. ‘ಅಕ್ಕ, ಕೈ’ ಅನ್ನುತ್ತಿದ್ದಳು ಟೀಚರ್. ಗಾಜಕ್ಕ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಡುತ್ತಿದ್ದಳು. ಸಾಲದ್ದಕ್ಕೆ ಟೀಚರ್ ಒಂದೊಂದು ಫೋಟೋವನ್ನೂ ಕಂಪ್ಯೂಟರಿನಲ್ಲಿ ಬೇಕಂತಲೇ ಕೆಡಿಸಿದಳು: ಒಂದು ಸಲ ನೀಲಿ, ಒಂದು ಸಲ ಪೇಲವ, ಒಂದು ಸಲ ತಲೆಕೆಳಗು. ಬಣ್ಣ ನಂಬಬೇಡ ಅಂತ ಯಂತ್ರಕ್ಕೆ ಬುದ್ಧಿ ಹೇಳುವ ದಾರಿ ಅದು.

ಮೊದಲು ಎಪ್ಪತ್ತೊಂದು ಬಂತು. ಆಮೇಲೆ ಎಂಬತ್ತನಾಲ್ಕು. ಅಲ್ಲೇ ಎರಡು ತಿಂಗಳು ಮೊಂಡು ಹಿಡಿದು ನಿಂತಿತು. ಐದನೇ ತಿಂಗಳು ತೊಂಬತ್ತೆರಡು. ಅವತ್ತು ಟೀಚರ್ ಕೆಂಪಿನ ಚಿತ್ರ ತೆಗೆದಾಗ ಓಣಿಗಳೆಲ್ಲ ಕತ್ತಲಾಗಿದ್ದವು. ಒಂದು ಡೇರೆಯೊಳಗೆ ಮಾತ್ರ ದೀಪ ಹಚ್ಚಿಟ್ಟಂತೆ, ಉಂಗುರದ ಮೇಲೆ ಕೆಂಪು. ಗಾಜಕ್ಕ ಹಿಂದಿನಿಂದ ಬಗ್ಗಿ ನೋಡಿದಳು. ಏನೂ ಅನ್ನದೆ ಕೈ ತೊಳೆಯಲು ಹೋದಳು.

ಸಮಿತಿ ಈ ಸಲ ಸ್ಲೈಡುಗಳನ್ನು ತಾನೇ ತಂದಿತ್ತು. ಪಾಸಾಯಿತು. ಅವಳು ಸ್ಟೂಲಿಗೆ ವಾಪಸಾದಳು. ರೆಕ್ಸಿನ್ನು ನಾಲ್ಕನೇ ಸಲ ಹರಿದಿತ್ತು.

ಈಗ ದಿನಾ ಬೆಳಿಗ್ಗೆ ಯಂತ್ರದ ಮುಂದೆ ಮೊದಲು ಬರುವುದು ಗಾಜಕ್ಕನ ರಕ್ತ, ಅವೇ ಹಳೆಯ ಎರಡು ಸ್ಲೈಡು. ಎರಡಕ್ಕೂ ‘ಇಲ್ಲ’ ಅಂದರೆ ಮಾತ್ರ ಆ ದಿನದ ರೋಗಿಗಳ ಸರದಿ. ಮೊನ್ನೆ ಗುರುವಾರ ಎರಡನೆಯದಕ್ಕೆ ‘ಇದೆ’ ಅಂತು. ಹಿಂದಿನ ದಿನ ಯಾರೋ ಮೈಕ್ರೋಸ್ಕೋಪಿನ ಬಲ್ಬು ಬದಲಿಸಿದ್ದರು, ಬೆಳಕು ಒಂಚೂರು ನೀಲಿಗೆ ತಿರುಗಿತ್ತು. ಗಾಜಕ್ಕ ಪರದೆ ಆರಿಸಿ, ಸ್ಟೂಲು ಹತ್ತಿರ ಎಳೆದುಕೊಂಡು, ಅವತ್ತಿನ ನಲವತ್ತೆರಡು ಸ್ಲೈಡನ್ನೂ ತಾನೇ ನೋಡಿದಳು. ಮೂರಕ್ಕೆ ಬಿಸಿಲು ಬಂತು. ಗುಲಾಬಿ ಡೇರೆಗಳ ನಡುವೆ ಆ ಮುಖವಿಲ್ಲದ್ದು ಪಕ್ಕಕ್ಕೇ ಬಂದು ನಿಂತಿತು. ಒಂದು ಡೇರೆಯನ್ನು ಬೆರಳು ಮಾಡಿ ತೋರಿಸಿತು.

‘ಅಲ್ಲ’ ಅಂದು ಗಾಜಕ್ಕ ಮುಂದಿನ ಓಣಿಗೆ ಹೋದಳು.